ಹಳೆಯ ಸರ್ವರ್ ಬೂಟ್ ಆಗದಿದ್ದಾಗ: ಮಲೆನಾಡಿನಲ್ಲಿ ದುರಸ್ತಿ ಮಾಡುವವರಿಗೊಂದು ಸಮಗ್ರ ಮಾರ್ಗದರ್ಶಿ

‘ಸರ್ವರ್ ಬೂಟ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನೊಳಗೆ ಕನಿಷ್ಠ ಐದು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಕರೆಂಟೇ ಒಳಗೆ ಹೋಗದಿರುವುದು ಒಂದು. ಫ್ಯಾನು ತಿರುಗಿದರೂ ಪರದೆಯ ಮೇಲೆ ಏನೂ ಮೂಡದಿರುವುದು ಇನ್ನೊಂದು. ಪರದೆ ಬಂದು ರೇಡ್ ಕಾರ್ಡಿನ (ಹಲವು ಡಿಸ್ಕುಗಳನ್ನು ಒಂದಾಗಿ ಕೂಡಿಸಿ ನಡೆಸುವ ಕಾರ್ಡು) ಹಂತದಲ್ಲಿ ನಿಂತುಬಿಡುವುದು ಮೂರನೆಯದು. ಡಿಸ್ಕುಗಳೆಲ್ಲ ಕಂಡರೂ ಬೂಟ್ ಡಿವೈಸ್ (ಆಪರೇಟಿಂಗ್ ಸಿಸ್ಟಮ್ ಏಳಬೇಕಾದ ಡಿಸ್ಕ್) ಸಿಗುತ್ತಿಲ್ಲ ಎನ್ನುವುದು ನಾಲ್ಕನೆಯದು. ಲಿನಕ್ಸ್ ಅಥವಾ ವಿಂಡೋಸ್ ಅರ್ಧ ಎದ್ದು ಅಲ್ಲೇ ಕುಸಿಯುವುದು ಐದನೆಯದು. ಇವುಗಳಲ್ಲಿ ಯಾವುದು ಎಂದು ಗೊತ್ತುಮಾಡಿಕೊಳ್ಳದೆ ಸ್ಕ್ರೂ ಡ್ರೈವರ್ ಹಿಡಿದವರು, ಸಣ್ಣ ರಿಪೇರಿಯಲ್ಲಿ ಮುಗಿಯಬೇಕಿದ್ದ ಕೆಲಸದಲ್ಲಿ ವರ್ಷಗಳ ಲೆಕ್ಕಪತ್ರ ಕಳೆದುಕೊಂಡದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಸರ್ವರ್ ತಾನು ಎಲ್ಲಿ ನಿಂತಿದೆ ಎಂಬುದನ್ನು ದೀಪ, ಸಂದೇಶ ಮತ್ತು ಲಾಗ್‌ಗಳ ಮೂಲಕ ತಾನೇ ಹೇಳುತ್ತದೆ. ಅದನ್ನು ಓದಿಕೊಳ್ಳುವುದೇ ದುರಸ್ತಿಯ ಮೊದಲರ್ಧ.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಸಹಕಾರ ಸಂಘಗಳಲ್ಲಿ, ಅಡಿಕೆ ಮಂಡಿಗಳಲ್ಲಿ, ಕಾಲೇಜು ಲ್ಯಾಬುಗಳಲ್ಲಿ ನಾನು ಕೈಯಾಡಿಸಿದ ಸರ್ವರ್‌ಗಳು ಬಹುಪಾಲು ಹತ್ತು ವರ್ಷ ದಾಟಿದವು: ಡೆಲ್ ಪವರ್‌ಎಡ್ಜ್ ಆರ್710, ಆರ್720, ಎಚ್‌ಪಿ ಪ್ರೋಲಯಂಟ್ ಡಿಎಲ್380ರ ಜಿ7 ಮತ್ತು ಜೆನ್8 ಮಾದರಿಗಳು. ಕೆಳಗಿನ ಮಾತುಗಳು ಮುಖ್ಯವಾಗಿ ಇವುಗಳನ್ನೇ ಕುರಿತವು. ಇದೇ ಕಾಲದ ಬೇರೆ ಕಂಪನಿಗಳ ಯಂತ್ರಗಳಲ್ಲಿ ಕೀಲಿಗಳೂ ದೀಪದ ಬಣ್ಣಗಳೂ ಬದಲಾದರೂ ಹಂತಗಳ ಕ್ರಮ ಬದಲಾಗುವುದಿಲ್ಲ.

ಮುಟ್ಟುವ ಮೊದಲು

ಯಂತ್ರದ ಬಳಿ ಕೂತ ಕೂಡಲೇ ಮಾಡಬೇಕಾದದ್ದು ವಿಚಾರಣೆ. ಕೊನೆಯ ಬಾರಿ ಯಾವಾಗ ಸರಿಯಾಗಿ ನಡೆಯಿತು, ಆಮೇಲೆ ಕರೆಂಟ್ ಹೋಯಿತೇ, ಸಿಡಿಲು ಬಡಿಯಿತೇ, ಯಾರಾದರೂ ಅಪ್‌ಡೇಟ್ ಹಾಕಿದರೇ, ಕಸ ಗುಡಿಸುವಾಗ ವೈರ್ ಕದಲಿತೇ ಎಂದು ಕೇಳಬೇಕು. ‘ಎಂತ ಮಾಡಿಲ್ಲ ಮಾರಾಯ್ರೆ, ತನ್ನಷ್ಟಕ್ಕೆ ನಿಂತೋತು’ ಎಂಬ ಉತ್ತರ ಬಂದರೂ ಇನ್ನೊಮ್ಮೆ ಸಮಾಧಾನದಿಂದ ಕೇಳಿ; ರಾತ್ರಿ ಯುಪಿಎಸ್ ಕೂಗುತ್ತಿದ್ದ ಸಂಗತಿ ಎರಡನೆಯ ಸಲಕ್ಕೆ ಹೊರಬರುತ್ತದೆ. ಆಮೇಲೆ ಮುಂಭಾಗ, ಹಿಂಭಾಗ, ಡಿಸ್ಕುಗಳ ಸಾಲು, ಕೇಬಲ್‌ಗಳು, ಉರಿಯುತ್ತಿರುವ ದೀಪಗಳು, ಇಷ್ಟನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿ ಡಿಸ್ಕಿನ ಮೇಲೆ ಅದರ ಸ್ಲಾಟ್ ಸಂಖ್ಯೆ ಬರೆದ ಚೀಟಿ ಅಂಟಿಸಿ. ಈ ಚೀಟಿಯ ಬೆಲೆ ಮುಂದೆ ರೇಡ್ ವಿಚಾರಕ್ಕೆ ಬಂದಾಗ ತಿಳಿಯುತ್ತದೆ.

ಮೂರನೆಯದಾಗಿ ಲಾಗ್. ಸರ್ವರ್‌ನ ಮದರ್‌ಬೋರ್ಡಿನಲ್ಲಿ ಮುಖ್ಯ ಪ್ರೊಸೆಸರ್ ಅಲ್ಲದೆ ಇನ್ನೊಂದು ಚಿಕ್ಕ ಕಂಪ್ಯೂಟರ್ ಇರುತ್ತದೆ. ಡೆಲ್‌ನಲ್ಲಿ ಅದಕ್ಕೆ ಐಡ್ರ್ಯಾಕ್ ಎಂದೂ ಎಚ್‌ಪಿಯಲ್ಲಿ ಐಎಲ್‌ಓ ಎಂದೂ ಹೆಸರು. ಸರ್ವರ್ ಆಫ್ ಇದ್ದರೂ, ವೈರ್ ಸಿಕ್ಕಿಸಿದ್ದರೆ ಸಾಕು, ಅದು ಎಚ್ಚರವಾಗಿರುತ್ತದೆ. ಯಾವ ರ‍್ಯಾಮ್ ತಪ್ಪು ಮಾಡಿತು, ಯಾವ ಪವರ್ ಸಪ್ಲೈ ಯಾವಾಗ ಕೈಕೊಟ್ಟಿತು ಎಂಬುದನ್ನೆಲ್ಲ ಬರೆದಿಡುತ್ತದೆ. ಅದರ ವಿಳಾಸವನ್ನು ಯಾರೂ ಬದಲಾಯಿಸಿರದಿದ್ದರೆ ಡೆಲ್‌ನಲ್ಲಿ 192.168.0.120 ಇರುತ್ತದೆ. ಲ್ಯಾಪ್‌ಟಾಪನ್ನು ನೇರವಾಗಿ ಅದರ ಪೋರ್ಟಿಗೆ ಜೋಡಿಸಿ, ಅದೇ ಸಾಲಿನ ವಿಳಾಸ ಕೊಟ್ಟುಕೊಂಡು ಒಳಹೊಕ್ಕರಾಯಿತು. ಆರ್710ರ ಕಾಲದ ಐಡ್ರ್ಯಾಕ್ ಪುಟವನ್ನು ಈಗಿನ ಬ್ರೌಸರ್‌ಗಳು ಹಳೆಯ ಎನ್‌ಕ್ರಿಪ್ಷನ್ ಎಂದು ತೆರೆಯಲು ಒಪ್ಪುವುದಿಲ್ಲ. ಆಗ ಲಿನಕ್ಸ್ ಲ್ಯಾಪ್‌ಟಾಪಿನಿಂದ ಐಪಿಎಂಐಟೂಲ್ ಎಂಬ ಕಮಾಂಡ್‌ಗೆ ‘ಸೆಲ್ ಲಿಸ್ಟ್’ ಎಂದು ಸೇರಿಸಿ ಕೊಟ್ಟರೆ ಅದೇ ಲಾಗ್ ಬರುತ್ತದೆ, ಆದರೆ ಐಪಿಎಂಐ (ಈ ಚಿಕ್ಕ ಕಂಪ್ಯೂಟರಿನೊಡನೆ ನೆಟ್‌ವರ್ಕ್ ಮೂಲಕ ಮಾತಾಡುವ) ಸೌಲಭ್ಯವನ್ನು ಮೊದಲೇ ತೆರೆದಿಟ್ಟಿರಬೇಕು. ಅದೂ ಆಗದಿದ್ದರೆ ಮುಂಭಾಗದ ಚಿಕ್ಕ ಎಲ್‌ಸಿಡಿ ಇದೆಯಲ್ಲ, ಅದನ್ನೇ ಓದಿ: ಅದು ನೀಲಿಯಾಗಿದ್ದರೆ ಕ್ಷೇಮ, ಕಿತ್ತಳೆಯಾಗಿದ್ದರೆ ದೂರು ಇದೆ ಎಂದರ್ಥ. ಆರ್710ರಲ್ಲಿ ಇ1810 ಎಂದು ಬಂದರೆ ಹಾರ್ಡ್ ಡಿಸ್ಕ್ ದೋಷ, ಡಬ್ಲ್ಯು1228 ಎಂದು ಬಂದರೆ ರೇಡ್ ಕಾರ್ಡಿನ ಬ್ಯಾಟರಿ ಮುಗಿಯುತ್ತಾ ಬಂದಿದೆ. ಪ್ರೋಲಯಂಟ್‌ನಲ್ಲಿ ಮುಂಭಾಗದಿಂದ ಹೊರಗೆಳೆಯುವ ಒಂದು ಪಟ್ಟಿಯಲ್ಲಿ ಒಳಗಿನ ನಕ್ಷೆಯೇ ಇದ್ದು, ಯಾವ ಭಾಗ ಕೆಟ್ಟಿದೆಯೋ ಅದರ ಜಾಗದಲ್ಲಿ ದೀಪ ಹತ್ತುತ್ತದೆ.

ಲಾಗನ್ನು ನಕಲು ಮಾಡಿಟ್ಟುಕೊಳ್ಳದೆ ಅಳಿಸಬೇಡಿ.

ಕರೆಂಟೇ ಹೋಗುತ್ತಿಲ್ಲ

ಪವರ್ ಬಟನ್ ಒತ್ತಿದರೂ ಏನೂ ಆಗದಿದ್ದರೆ ಮೊದಲು ಎರಡು ನಿಮಿಷ ಕಾಯಿರಿ. ವೈರ್ ಸಿಕ್ಕಿಸಿದ ಮೇಲೆ ಐಡ್ರ್ಯಾಕ್ ಅಥವಾ ಐಎಲ್‌ಓ ಪೂರ್ತಿ ಏಳುವವರೆಗೆ ಕೆಲವು ಮಾದರಿಗಳಲ್ಲಿ ಬಟನ್‌ಗೆ ಪ್ರತಿಕ್ರಿಯೆಯೇ ಇರುವುದಿಲ್ಲ. ಆಮೇಲೂ ಏಳದಿದ್ದರೆ ಎರಡೂ ಪವರ್ ಸಪ್ಲೈಗಳ ವೈರ್ ಕಿತ್ತು, ಪವರ್ ಬಟನನ್ನು 20 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಹೋಗಿ, ಸಿಕ್ಕಿಹಾಕಿಕೊಂಡಿದ್ದ ಚಿಕ್ಕ ಕಂಪ್ಯೂಟರ್ ಹೊಸದಾಗಿ ಏಳುತ್ತದೆ. ಸಿಡಿಲಿನ ಮರುದಿನ ಬರುವ ಕರೆಗಳಲ್ಲಿ ಇಷ್ಟರಿಂದಲೇ ಸರಿಹೋದವು ಹಲವಿವೆ.

ಇದರ ನಂತರ ಒಂದೊಂದೇ ಪವರ್ ಸಪ್ಲೈ ಹಾಕಿ ಪರೀಕ್ಷಿಸಿ. ಎರಡೂ ಸತ್ತಂತೆ ಕಂಡರೆ ದೋಷ ಸಪ್ಲೈಗಳಲ್ಲಿ ಇರುವುದಕ್ಕಿಂತ ಗೋಡೆಯಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಮಲ್ಟಿಮೀಟರ್ ಹಿಡಿದು ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಹತ್ತಿರ ಇದೆಯೇ, ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟಿನ ಒಳಗಿದೆಯೇ ನೋಡಿ. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ಗುಂಡಿ ಕೆಲಸ ಮಾಡದಿರುವ ಕಟ್ಟಡಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಬೀಳುವ ಹೊತ್ತಿಗೇ ಅದು ಹೀಗಿದ್ದರೆ ಹಾನಿ ಖಂಡಿತ. ಯುಪಿಎಸ್ ಮೇಲೂ ಒಂದು ಕಣ್ಣಿರಲಿ. ಮನೆಬಳಕೆಯ ಅಗ್ಗದ ಯುಪಿಎಸ್ ಬ್ಯಾಟರಿಗೆ ಬದಲಾದಾಗ ಕೊಡುವುದು ಮೆಟ್ಟಿಲು ಆಕಾರದ ಅಲೆ, ಸರ್ವರ್‌ನ ಪವರ್ ಸಪ್ಲೈಗಳು ಬಯಸುವುದು ಸೈನ್ ಅಲೆ. ಈ ಹೊಂದಿಕೆ ತಪ್ಪಿದಾಗ, ಬ್ಯಾಟರಿಗೆ ಬದಲಾದ ಕ್ಷಣದಲ್ಲೇ ಸರ್ವರ್ ಕುಸಿಯುವುದುಂಟು.

ಫ್ಯಾನು ಜೋರಾಗಿ ತಿರುಗುತ್ತದೆ, ಪರದೆ ಕಪ್ಪು

ಮಳೆಗಾಲದಲ್ಲಿ ನಮ್ಮ ಕಡೆ ಅತಿ ಹೆಚ್ಚು ಕಾಣುವುದು ಇದು. ಆ ಕಾಲದ ಸರ್ವರ್‌ಗಳನ್ನು 10ರಿಂದ 35 ಡಿಗ್ರಿ ಉಷ್ಣತೆ ಮತ್ತು ಸುಮಾರು 20ರಿಂದ 80 ಶೇಕಡಾ ತೇವಾಂಶಕ್ಕೆಂದು ತಯಾರಿಸಿದ್ದಾರೆ. ಜುಲೈ ತಿಂಗಳ ಆಗುಂಬೆ ಬದಿಯಲ್ಲಿ ಬಾಗಿಲಿನ ಚಿಲಕವೇ ಬೆವರುವಾಗ ಈ ಮಿತಿ ಯಾವತ್ತೋ ದಾಟಿರುತ್ತದೆ. ನಡೆಯುತ್ತಿರುವ ಸರ್ವರ್ ತನ್ನ ಬಿಸಿಯಿಂದಲೇ ಒಣಗಿರುತ್ತದೆ; ನಾಲ್ಕು ದಿನ ಆಫ್ ಮಾಡಿಟ್ಟರೆ ತೇವ ಒಳಗಿಳಿದು ರ‍್ಯಾಮಿನ ತುದಿಗಳ ಮೇಲೂ ಸ್ಲಾಟಿನ ಹಲ್ಲುಗಳ ಮೇಲೂ ತೆಳುವಾದ ಪದರ ಕಟ್ಟುತ್ತದೆ. ಹಾಗಾಗಿ ‘ಮಳೆ ಜಾಸ್ತಿ, ಆಫ್ ಮಾಡಿಡೋಣ’ ಎಂಬ ಅಭ್ಯಾಸ ಮಲೆನಾಡಿಗೆ ಸಲ್ಲದು. ಬಹಳ ದಿನ ಆಫ್ ಇದ್ದ ಯಂತ್ರವಾದರೆ, ಮುಚ್ಚಳ ತೆಗೆದು ಒಣ ಕೋಣೆಯಲ್ಲಿ ಟೇಬಲ್ ಫ್ಯಾನ್ ಗಾಳಿಗೆ ಒಂದು ಹಗಲು ಇಟ್ಟ ಮೇಲೆಯೇ ಕರೆಂಟ್ ಕೊಡಿ.

ಮುಚ್ಚಳ ತೆಗೆಯುವ ಮೊದಲು ಒಂದು ಮಾತು. ರ‍್ಯಾಮ್ ಹೆಚ್ಚಿರುವ ಸರ್ವರ್‌ಗಳಲ್ಲಿ ಪರದೆ ಮೂಡಲು ಹಲವು ನಿಮಿಷ ಹಿಡಿಯುತ್ತದೆ; ಹತ್ತು ನಿಮಿಷವಾದರೂ ಕಾಯದೆ ಸತ್ತಿದೆ ಎನ್ನಬೇಡಿ. ಮಾನಿಟರ್ ಬದಲಿಸಿ ನೋಡಿ. ಆರ್710ರಂಥ ಡೆಲ್ ಸರ್ವರ್‌ಗಳಲ್ಲಿ ಮುಂಭಾಗದ ವಿಜಿಎಗೆ ಏನಾದರೂ ಜೋಡಿಸಿದ್ದರೆ ಹಿಂಭಾಗದ್ದು ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ಆಮೇಲೆ ಕೆಲಸ ಹೀಗೆ. ವೈರ್‌ಗಳನ್ನೆಲ್ಲ ಕಿತ್ತು, ಕೈಯನ್ನು ಪೆಟ್ಟಿಗೆಯ ಲೋಹಕ್ಕೆ ತಾಗಿಸಿ, ಮುಚ್ಚಳ ತೆಗೆಯಿರಿ. ಹೆಚ್ಚುವರಿ ಕಾರ್ಡುಗಳನ್ನೆಲ್ಲ ಹೊರತೆಗೆಯಿರಿ. ಮೊದಲ ಪ್ರೊಸೆಸರ್‌ಗೆ ಸೇರಿದ ಮೊದಲ ಸ್ಲಾಟಿನಲ್ಲಿ ಒಂದೇ ಒಂದು ರ‍್ಯಾಮ್, ಒಂದು ಪವರ್ ಸಪ್ಲೈ, ಇಷ್ಟನ್ನೇ ಉಳಿಸಿ ಆನ್ ಮಾಡಿ. ಯಾವ ಸ್ಲಾಟ್ ಮೊದಲು ಎಂಬುದು ಮುಚ್ಚಳದ ಒಳಬದಿಯ ಚಿತ್ರದಲ್ಲೇ ಇರುತ್ತದೆ. ಪರದೆ ಬಂದರೆ ಒಂದೊಂದೇ ರ‍್ಯಾಮ್ ಸೇರಿಸುತ್ತ ಹೋಗಿ. ನಿಂತಲ್ಲಿ ಕಳ್ಳ ಸಿಕ್ಕ. ಬರದಿದ್ದರೆ ಆ ರ‍್ಯಾಮನ್ನು ಬದಲಿಸಿ ಮತ್ತೆ ನೋಡಿ. ಪ್ರತಿ ಸಲವೂ ಒಂದೇ ಬದಲಾವಣೆ, ಪ್ರತಿ ಸಲವೂ ಪುಸ್ತಕದಲ್ಲಿ ಒಂದು ಸಾಲು. ಎರಡನೆಯ ಪ್ರೊಸೆಸರ್ ತೆಗೆದಿದ್ದರೆ ಅದರ ಬದಿಯ ರ‍್ಯಾಮ್ ಸ್ಲಾಟುಗಳು ಕೆಲಸ ಮಾಡುವುದಿಲ್ಲ. ರಿಜಿಸ್ಟರ್ಡ್ ರ‍್ಯಾಮ್ ಮತ್ತು ರಿಜಿಸ್ಟರ್ಡ್ ಅಲ್ಲದ ರ‍್ಯಾಮ್ ಒಟ್ಟಿಗೆ ಇರುವಂತಿಲ್ಲ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕೊಂಡು ಹಾಕಿದ ಕಡೆ ಇದೇ ತಪ್ಪು ಕಾಣುತ್ತದೆ.

ತೀರ್ಥಹಳ್ಳಿ ಹತ್ತಿರದ ಒಂದು ಸಂಘದಲ್ಲಿ ರ‍್ಯಾಮ್ ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಚಿನ್ನದ ಬಣ್ಣದ ತುದಿಗಳ ಮೇಲೆ, ಹಳೆಯ ಕನ್ನಡಕದ ಗಾಜಿನ ಮೇಲಿರುವಂಥ ಒಂದು ಮಂಕು. ಪಕ್ಕದ ಕೋಣೆಯಲ್ಲಿ ಅಡಿಕೆ ಒಣಗಿಸಲು ಹಾಕುತ್ತಿದ್ದ ಬೆಂಕಿಯ ಹೊಗೆ ಎಷ್ಟೋ ವರ್ಷದಿಂದ ಫ್ಯಾನಿನ ಮೂಲಕ ಒಳಹೊಕ್ಕು, ತೇವದೊಂದಿಗೆ ಸೇರಿ ಜಿಗುಟಾಗಿ ಕೂತಿತ್ತು. ಇಂಥಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿಯಿದೆ. ನಾನು ಅದನ್ನು ಒಪ್ಪುವುದಿಲ್ಲ: ರಬ್ಬರ್ ಆ ತೆಳುವಾದ ಚಿನ್ನದ ಲೇಪವನ್ನೂ ಸವೆಸುತ್ತದೆ, ಅದರ ಪುಡಿ ಸ್ಲಾಟಿನೊಳಗೆ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಒಂದೇ ದಿಕ್ಕಿನಲ್ಲಿ ಒರೆಸಿದರೆ ಸಾಕು; ಸ್ಲಾಟಿಗೆ ಮೆತ್ತನೆಯ ಬ್ರಷ್ ಬಳಸಿ. ಪೂರ್ತಿ ಆರಿದ ಮೇಲೆಯೇ ಮರಳಿ ಕೂರಿಸಿ, ಎರಡೂ ಬದಿಯ ಕೊಕ್ಕೆ ಟಕ್ ಎನ್ನುವವರೆಗೆ ಒತ್ತಿ. ಹಸಿರು ಕಿಲುಬು ಕಟ್ಟಿದ ಸ್ಲಾಟಿದ್ದರೆ ಅದನ್ನು ಬಿಟ್ಟು ಬೇರೆ ಸಾಲಿನಲ್ಲಿ ಹೊಂದಿಸಿಕೊಳ್ಳುವುದು ಲೇಸು. ಒಳಗೆ ಇರುವೆ ಗೂಡು, ಹಲ್ಲಿ ಮೊಟ್ಟೆ ಇವೆಯೇ ಎಂದು ಪವರ್ ಸಪ್ಲೈಗಳ ಜಾಲರಿಯಲ್ಲೂ ಟಾರ್ಚ್ ಬಿಟ್ಟು ನೋಡಿ. ಆದರೆ ಪವರ್ ಸಪ್ಲೈಯನ್ನು ಬಿಚ್ಚಬೇಡಿ, ಅದರ ಕೆಪಾಸಿಟರ್‌ಗಳು ವೈರ್ ಕಿತ್ತ ಮೇಲೂ ಜೀವಕ್ಕೆ ಅಪಾಯ ತರುವಷ್ಟು ಚಾರ್ಜ್ ಹಿಡಿದಿರುತ್ತವೆ.

ರೇಡ್ ಹಂತದಲ್ಲಿ ನಿಂತರೆ: ಕೈ ಕಟ್ಟಿ ಓದಿ

ಇಲ್ಲಿಯವರೆಗೆ ಮಾಡಿದ ತಪ್ಪಿಗೆ ಹೆಚ್ಚೆಂದರೆ ಒಂದು ಬಿಡಿಭಾಗ ಹೋಗುತ್ತದೆ. ಇನ್ನು ಮುಂದಿನ ಒಂದು ತಪ್ಪು ಕೀಲಿಗೆ ಇಡೀ ಸಂಸ್ಥೆಯ ಮಾಹಿತಿ ಹೋಗುತ್ತದೆ.

ಡೆಲ್‌ನ ಪರ್ಕ್ ಎಂಬ ರೇಡ್ ಕಾರ್ಡುಗಳು ‘ಫಾರಿನ್ ಕಾನ್ಫಿಗರೇಶನ್’ ಕಂಡಿದೆ ಎಂದು ಹೇಳಿ, ಎಫ್ ಒತ್ತಿದರೆ ಸೇರಿಸಿಕೊಳ್ಳುತ್ತೇನೆ, ಸಿ ಒತ್ತಿದರೆ ಸೆಟ್ಟಿಂಗ್ ತೆರೆಯುತ್ತೇನೆ ಎಂದು ಕೇಳುತ್ತವೆ. ಡಿಸ್ಕಿನ ಮೇಲೆ ಬರೆದಿರುವ ಅರೇ (ಒಟ್ಟುಗೂಡಿಸಿದ ಡಿಸ್ಕುಗಳ ಗುಂಪು) ವಿವರಕ್ಕೂ ಕಾರ್ಡಿನ ನೆನಪಿನಲ್ಲಿರುವ ವಿವರಕ್ಕೂ ತಾಳೆಯಾಗುತ್ತಿಲ್ಲ ಎಂಬುದಷ್ಟೇ ಇದರ ಅರ್ಥ. ಕಾರ್ಡ್ ಬದಲಿಸಿ ಎಲ್ಲ ಡಿಸ್ಕುಗಳನ್ನೂ ಹಾಗೆಯೇ ಹಾಕಿದ್ದರೆ ಸೇರಿಸಿಕೊಳ್ಳುವುದು ಸರಿಯಾದ ದಾರಿ. ಆದರೆ ಒಂದು ಡಿಸ್ಕ್ ತಿಂಗಳುಗಳ ಹಿಂದೆಯೇ ಉದುರಿಹೋಗಿದ್ದರೆ ಅದರಲ್ಲಿರುವುದು ಹಳಸಿದ ಮಾಹಿತಿ; ಅದನ್ನು ಒತ್ತಾಯದಿಂದ ಆನ್‌ಲೈನ್ ಮಾಡಿದರೆ ಹಳೆಯದೂ ಹೊಸದೂ ಕಲಸಿ ಫೈಲ್ ಸಿಸ್ಟಮ್ ನಾಶವಾಗುತ್ತದೆ. ಆದ್ದರಿಂದ ಉತ್ತರ ಸಿಗಲೇಬೇಕಾದ ಪ್ರಶ್ನೆ ಇದು: ಯಾವ ಡಿಸ್ಕ್ ಮೊದಲು ಹೋಯಿತು, ಯಾವುದು ಕೊನೆಗೆ ಹೋಯಿತು?

ಹೊಸನಗರ ಕಡೆಯ ಒಂದು ಕಚೇರಿಯಲ್ಲಿ ಆರು ಡಿಸ್ಕುಗಳ ರೇಡ್ 5 ಇತ್ತು. ಎರಡನೆಯ ಸ್ಲಾಟಿನ ಡಿಸ್ಕ್ ಏಪ್ರಿಲ್‌ನಲ್ಲೇ ಹೋಗಿ ಕಿತ್ತಳೆ ದೀಪ ಉರಿಯುತ್ತಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಜುಲೈನ ಒಂದು ರಾತ್ರಿ ಕರೆಂಟ್ ನಾಲ್ಕೈದು ಸಲ ಬಂದು ಹೋದಾಗ ನಾಲ್ಕನೆಯ ಸ್ಲಾಟಿನದೂ ಉದುರಿತು. ರೇಡ್ 5 ಒಂದು ಡಿಸ್ಕಿನ ನಷ್ಟ ತಡೆಯಬಲ್ಲದೇ ಹೊರತು ಎರಡರದಲ್ಲ. ಈ ಕ್ರಮ ಲಾಗಿನಲ್ಲಿ ತಾರೀಖು ಸಮೇತ ಇತ್ತು. ಎರಡನೆಯ ಸ್ಲಾಟಿನ ಡಿಸ್ಕನ್ನು ಹೊರಗೆಳೆದು ಪಕ್ಕಕ್ಕಿಟ್ಟೆವು. ನಾಲ್ಕನೆಯದರ ತುದಿಯನ್ನು ಒರೆಸಿ ಮತ್ತೆ ಕೂರಿಸಿದಾಗ ಅದು ಫಾರಿನ್ ಎಂದು ಕಾಣಿಸಿಕೊಂಡಿತು. ಕಂಟ್ರೋಲ್ ಆರ್ ಒತ್ತಿ ಒಳಹೋಗಿ, ಫಾರಿನ್ ವ್ಯೂ ಪುಟದಲ್ಲಿ ಅರೇ ಹೇಗೆ ಕೂಡಿಬರುತ್ತದೆ ಎಂದು ನೋಡಿಕೊಂಡು, ಆಮೇಲೆ ಇಂಪೋರ್ಟ್ ಕೊಟ್ಟೆವು. ಐದು ಡಿಸ್ಕುಗಳ ಮೇಲೆ ಅರೇ ಎದ್ದಿತು. ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಮಾಡುವ ಆಸೆಯನ್ನು ಆಗ ತಡೆದುಕೊಂಡು, ಮೊದಲು ಎಲ್ಲ ಮಾಹಿತಿಯನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿದೆವು. ರೀಬಿಲ್ಡ್ ಎಂದರೆ ಉಳಿದ ಮುದಿ ಡಿಸ್ಕುಗಳ ಪ್ರತಿ ಸೆಕ್ಟರನ್ನೂ ಓದಿಸುವ ಕೆಲಸ. ಇನ್ನೊಂದು ಸಾಯುವುದು ಆಗಲೇ.

ಬ್ಯಾಟರಿಯಲ್ಲಿ ಉಳಿಸಿಟ್ಟ ಕ್ಯಾಶ್ ಇದೆ, ಡಿಸ್ಕುಗಳು ಕಾಣೆಯಾಗಿವೆ ಎಂಬ ಸಂದೇಶ ಬಂದರೆ, ಡಿಸ್ಕಿಗೆ ಇನ್ನೂ ಬರೆಯದ ಮಾಹಿತಿ ಕಾರ್ಡಿನಲ್ಲಿದೆ ಎಂದರ್ಥ. ಆಫ್ ಮಾಡಿ, ಕೇಬಲ್ ಮತ್ತು ಡಿಸ್ಕುಗಳನ್ನು ಸರಿಯಾಗಿ ಕೂರಿಸಿ, ಮತ್ತೆ ಆನ್ ಮಾಡಿ. ಕ್ಯಾಶನ್ನು ಎಸೆಯುವ ಆಯ್ಕೆ ಕೊನೆಯದಾಗಿರಲಿ. ಎಚ್‌ಪಿಯ ಸ್ಮಾರ್ಟ್ ಅರೇ ರೇಡ್ ಕಾರ್ಡ್ 1779 ಎಂಬ ಸಂಖ್ಯೆಯೊಂದಿಗೆ ನಿಂತು, ಎಫ್1 ಒತ್ತಿದರೆ (ರೇಡ್ ಕೂಡಿಸಿದ) ಲಾಜಿಕಲ್ ಡ್ರೈವ್‌ಗಳಿಲ್ಲದೆ ಮುಂದುವರಿಯುತ್ತೇನೆ, ಎಫ್2 ಒತ್ತಿದರೆ ಮಾಹಿತಿ ನಷ್ಟ ಒಪ್ಪಿಕೊಂಡು ಅವುಗಳನ್ನು ತೆರೆಯುತ್ತೇನೆ ಎನ್ನುತ್ತದೆ. ಅಲ್ಲಿ ಎರಡನ್ನೂ ಒತ್ತದೆ ಆಫ್ ಮಾಡಿ ಕೇಬಲ್ ಹಾಗೂ ಡಿಸ್ಕ್ ನೋಡುವುದು ಮೊದಲ ಕೆಲಸ. ಹೊರಗಿನ ಡಿಸ್ಕ್ ಪೆಟ್ಟಿಗೆ ಜೋಡಿಸಿದ್ದರೆ ಅದನ್ನು ಮೊದಲು ಆನ್ ಮಾಡಿ, ಒಂದೆರಡು ನಿಮಿಷದ ನಂತರ ಸರ್ವರ್ ಆನ್ ಮಾಡಿ. ಕ್ಲಿಯರ್, ಇನಿಶಿಯಲೈಸ್ ಎಂಬ ಪದಗಳಿರುವ ಯಾವ ಆಯ್ಕೆಯನ್ನೂ ನಕಲು ಕೈಯಲ್ಲಿಲ್ಲದೆ ಮುಟ್ಟಬೇಡಿ.

ಡಿಸ್ಕ್ ಕಾಣುತ್ತದೆ, ಬೂಟ್ ಡಿವೈಸ್ ಇಲ್ಲ

ಇದು ಹೆಚ್ಚಿನ ಸಲ ಸಣ್ಣ ವಿಷಯ. ಹಿಂಭಾಗದಲ್ಲಿ ಯಾರೋ ಬಿಟ್ಟುಹೋದ ಪೆನ್‌ಡ್ರೈವ್ ಇದೆಯೇ ನೋಡಿ. ನಂತರ ಗಡಿಯಾರ ನೋಡಿ: ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಮುಗಿದಿದೆ. ಹೊಸದು 3 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ, 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಬ್ಯಾಟರಿ ಮುಗಿದಾಗ ಹಲವು ಮಾದರಿಗಳಲ್ಲಿ ಸೆಟ್ಟಿಂಗುಗಳೂ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಯುಇಎಫ್ಐ ಎಂಬ ಹೊಸ ಬೂಟ್ ವಿಧಾನದಲ್ಲಿ ಹಾಕಿದ್ದ ಲಿನಕ್ಸ್ ಇದ್ದೂ ಸರ್ವರ್ ಹಳೆಯ ಬಯಾಸ್ ಮೋಡಿನಲ್ಲಿ ಹುಡುಕುತ್ತಿರುತ್ತದೆ, ಅಥವಾ ಸಾಟಾ (ಡಿಸ್ಕ್ ಜೋಡಣೆ) ಮೋಡ್ ರೇಡ್‌ನಿಂದ ಬೇರೆಯದಕ್ಕೆ ಬದಲಾಗಿರುತ್ತದೆ. ವಿಂಡೋಸ್ ನೀಲಿ ಪರದೆಯಲ್ಲಿ 0ಎಕ್ಸ್7ಬಿ ಎಂದು ನಿಂತರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಡೆಲ್‌ನಲ್ಲಿ ಎಫ್2, ಈ ತಲೆಮಾರಿನ ಪ್ರೋಲಯಂಟ್‌ನಲ್ಲಿ ಎಫ್9 ಒತ್ತಿ ಒಳಹೋಗಿ ಬೂಟ್ ಮೋಡ್, ಸಾಟಾ ಮೋಡ್, ಬೂಟ್ ಕ್ರಮ ಮೂರನ್ನೂ ಸರಿಪಡಿಸಿ. ಆಪರೇಟಿಂಗ್ ಸಿಸ್ಟಮ್ ಮರಳಿ ಹಾಕುವ ಯೋಚನೆ ಇಲ್ಲಿ ಬೇಡವೇ ಬೇಡ.

ಲಿನಕ್ಸ್ ಅರ್ಧಕ್ಕೆ ನಿಂತರೆ

ಲಿನಕ್ಸನ್ನು ಎಬ್ಬಿಸುವ ಮೊದಲ ಪ್ರೋಗ್ರಾಮ್ ಗ್ರಬ್. ಪರದೆಯಲ್ಲಿ ಗ್ರಬ್ ರೆಸ್ಕ್ಯೂ ಎಂದು ಬಂದರೆ ಗ್ರಬ್‌ನ ಮೊದಲ ತುಂಡು ಎದ್ದಿದೆ, ಉಳಿದ ತುಂಡುಗಳು ಅದಕ್ಕೆ ಸಿಗುತ್ತಿಲ್ಲ. ಎಲ್‌ಎಸ್ ಕೊಟ್ಟು ಪಾರ್ಟಿಶನ್‌ಗಳ ಪಟ್ಟಿ ನೋಡಿ, ಯಾವುದರಲ್ಲಿ ಬೂಟ್ ಫೋಲ್ಡರಿನ ಗ್ರಬ್ ಇದೆಯೋ ಅದನ್ನು ರೂಟ್ ಮತ್ತು ಪ್ರಿಫಿಕ್ಸ್ ಎಂದು ಸೆಟ್ ಮಾಡಿ, ‘ಇನ್ಸ್‌ಮಾಡ್ ನಾರ್ಮಲ್’, ಆಮೇಲೆ ‘ನಾರ್ಮಲ್’ ಕೊಟ್ಟರೆ ಮೆನು ಬರುತ್ತದೆ. ಎದ್ದ ಮೇಲೆ ಗ್ರಬ್-ಇನ್‌ಸ್ಟಾಲ್ ನಡೆಸಿ ಕಾಯಂ ಮಾಡಿ. ಏಳದಿದ್ದರೆ ಪೆನ್‌ಡ್ರೈವಿನ ರೆಸ್ಕ್ಯೂ ಲಿನಕ್ಸ್‌ನಿಂದ ಹಳೆಯ ರೂಟನ್ನು ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಮೂರನ್ನೂ ಬೈಂಡ್ ಮಾಡಿ, ಸಿಎಚ್‌ರೂಟ್ ಮೂಲಕ ಹಳೆಯ ಸಿಸ್ಟಮ್ಮಿನ ಒಳಹೊಕ್ಕು ಅದೇ ಕೆಲಸ ಮಾಡಬಹುದು.

ರೂಟ್ ಫೈಲ್ ಸಿಸ್ಟಮ್ ಮೌಂಟ್ ಆಗಲಿಲ್ಲ ಎಂಬ ಕರ್ನೆಲ್ ಪ್ಯಾನಿಕ್ (ಲಿನಕ್ಸ್‌ನ ತಿರುಳೇ ನಿಂತುಬಿಡುವುದು) ಬಂದರೆ ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನೆಲ್ ಆರಿಸಿ. ಅದು ಎದ್ದರೆ ಹೊಸ ಕರ್ನೆಲ್‌ನ ಇನಿಟ್‌ರ‍್ಯಾಮ್‌ಎಫ್‌ಎಸ್ (ಡಿಸ್ಕ್ ತೆರೆಯುವ ಡ್ರೈವರ್‌ಗಳಿರುವ ಕಿರು ಕಟ್ಟು) ಸರಿಯಾಗಿ ತಯಾರಾಗಿಲ್ಲ. ಹಳೆಯ ಸರ್ವರ್‌ಗಳಲ್ಲಿ ಬೂಟ್ ಪಾರ್ಟಿಶನ್ ಚಿಕ್ಕದಾಗಿದ್ದು ಹಳೆಯ ಕರ್ನೆಲ್‌ಗಳಿಂದ ತುಂಬಿಹೋಗಿರುವುದೇ ಕಾರಣವಾಗಿರುತ್ತದೆ. ಹೊಸ ಆವೃತ್ತಿ ಹಾಕಿದ ಮೇಲೆ ಡಿಸ್ಕೇ ಕಾಣದಿದ್ದರೆ ಬೇರೆ ಕತೆ: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಹಲವು ಹಳೆಯ ರೇಡ್ ಕಾರ್ಡುಗಳ ಬೆಂಬಲ ಕೈಬಿಟ್ಟಿದ್ದಾರೆ, ಯಂತ್ರದಲ್ಲಿ ದೋಷವಿಲ್ಲ.

ಸಿಸ್ಟಮ್ 90 ಸೆಕೆಂಡ್ ಒಂದು ಡಿಸ್ಕಿಗಾಗಿ ಕಾದು ಎಮರ್ಜೆನ್ಸಿ ಮೋಡಿಗೆ ಬಿದ್ದರೆ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿ) ನೋಡಿ. ಬ್ಯಾಕಪ್ಪಿಗೆಂದು ಜೋಡಿಸಿದ್ದ ಯುಎಸ್‌ಬಿ ಡಿಸ್ಕನ್ನು ಯಾರೋ ಒಯ್ದಿರುತ್ತಾರೆ. ರೂಟನ್ನು ಬರೆಯುವಂತೆ ರಿಮೌಂಟ್ ಮಾಡಿ, ಆ ಸಾಲಿಗೆ ‘ನೋಫೇಲ್’ ಸೇರಿಸಿ, ಆಗ ಆ ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲದು. ಫೈಲ್ ಸಿಸ್ಟಮ್ ಸರಿಪಡಿಸುವ ಎಫ್‌ಎಸ್‌ಸಿಕೆ, ಎಕ್ಸ್‌ಎಫ್‌ಎಸ್ ರಿಪೇರಿ ಎರಡೂ ಡಿಸ್ಕಿಗೆ ಬರೆಯುತ್ತವೆ; ಡಿಸ್ಕ್ ಸಾಯುತ್ತಿರುವ ಅನುಮಾನವಿದ್ದರೆ ಮೊದಲು ಡಿಡಿರೆಸ್ಕ್ಯೂನಿಂದ ಪ್ರತಿ ತೆಗೆದು, ಆ ಪ್ರತಿಯ ಮೇಲೆ ನಡೆಸಿ.

ಎದ್ದ ಮೇಲೆ

ಮೊದಲು ಬ್ಯಾಕಪ್, ಅದೂ ಬೇರೆ ಯಂತ್ರದಲ್ಲಿ ತೆರೆದು ನೋಡಿದ ಬ್ಯಾಕಪ್. ಆಮೇಲೆ ಸೆಟ್ಟಿಂಗ್ ಪುಟಗಳ ಫೋಟೊ ತೆಗೆದು ಮುದ್ರಿಸಿ ಸರ್ವರ್‌ನ ಬದಿಗೆ ಅಂಟಿಸಿ. ಕರೆಂಟ್ ಮರಳಿದಾಗ ಏನು ಮಾಡಬೇಕು ಎಂಬ ಸೆಟ್ಟಿಂಗಿನಲ್ಲಿ ತಕ್ಷಣ ಏಳುವ ಬದಲು ತಡವಾಗಿ ಏಳುವಂತೆ ಇಡಿ; ಡೆಲ್‌ನಲ್ಲಿ ಇದನ್ನು 240 ಸೆಕೆಂಡಿನವರೆಗೆ ಏರಿಸಬಹುದು. ಮಲೆನಾಡಿನಲ್ಲಿ ಕರೆಂಟ್ ಸ್ಥಿರವಾಗಿ ನಿಲ್ಲುವ ಮೊದಲು ಎರಡು ಮೂರು ಸಲ ಬಂದು ಹೋಗುತ್ತದೆ, ಆ ಅಷ್ಟೂ ಸಲ ಡಿಸ್ಕುಗಳು ಎದ್ದು ಬೀಳುವುದು ಇದರಿಂದ ತಪ್ಪುತ್ತದೆ. ಸರ್ವರನ್ನು ನೆಲದಿಂದ ಒಂದು ಅಡಿಯಾದರೂ ಮೇಲಿಡಿ. ಉಬ್ಬಿದ ರೇಡ್ ಬ್ಯಾಟರಿ ಕಂಡರೆ ಅಂದೇ ಹೊರತೆಗೆಯಿರಿ. ಬದಲಿ ಬರುವವರೆಗೆ ಕಾರ್ಡ್ ನಿಧಾನವಾಗಿ, ನೇರವಾಗಿ ಡಿಸ್ಕಿಗೇ ಬರೆಯುತ್ತದೆ.

ಹೊರಡುವ ಮೊದಲು ಒಮ್ಮೆ ಸಾಮಾನ್ಯ ರೀಸ್ಟಾರ್ಟ್, ಇನ್ನೊಮ್ಮೆ ಪೂರ್ತಿ ಶಟ್‌ಡೌನ್ ಮಾಡಿ ವೈರ್ ಕಿತ್ತು ಐದು ನಿಮಿಷ ಬಿಟ್ಟು ಆನ್ ಮಾಡಿ. ಎರಡೂ ಸಲ ಯಾರೂ ಕೀಲಿ ಒತ್ತದೆ ಲಾಗಿನ್ ಪರದೆ ಬರಬೇಕು. ಬಟನ್ ಒತ್ತಿದ್ದರಿಂದ ಅಲ್ಲಿಯವರೆಗೆ ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಗಡಿಯಾರ ನೋಡಿ ಆ ಅಂಟಿಸಿದ ಹಾಳೆಯ ಮೇಲೆಯೇ ಬರೆದಿಡಿ, ಮುಂದಿನ ಸಲ ಇನ್ನೆಷ್ಟು ಹೊತ್ತು ಕಾಯಬೇಕು ಎಂದು ಅಲ್ಲಿಯ ಗುಮಾಸ್ತರಿಗೆ ತಿಳಿಯುತ್ತದೆ.